ಗಾಳಿ, ಹೆಂಚು ಮತ್ತು ಅಪ್ಪಯ್ಯನ ಲೆಕ್ಕ

‘ಗಾಳಿ ಬಂದಾಗ ತೂರಿಕೋ’ ಎಂಬುದು ಕಣ ಮಾಡುವವರ ಗಾದೆ. ಹೆಂಚಿನ ಮನೆಯವರಿಗೆ ಅದು ಒಗ್ಗದು. ಅವರು ಗಾಳಿ ಬಂದಾಗ ಬಾಗಿಲು ಮುಚ್ಚಿಕೊಳ್ಳಬೇಕು. ತೆರೆದ ಬಾಗಿಲಿನಿಂದ ಒಳನುಗ್ಗಿದ ಗಾಳಿ ಮಾಡನ್ನು ಕೆಳಗಿನಿಂದ ನೂಕುತ್ತದೆ. ಮೇಲೆ ಹಾಯುವ ಗಾಳಿ ಅದನ್ನು ಸೆಳೆಯುತ್ತದೆ. ಇವೆರಡರ ನಡುವೆ ಸಿಕ್ಕಿದ ಹೆಂಚು ಏಳದೆ ಇನ್ನೇನು ಮಾಡೀತು? ಗಾಳಿ ಹೆಂಚನ್ನು ಒತ್ತಿ ಒಡೆಯುವುದಿಲ್ಲ, ಎತ್ತಿ ಒಡೆಯುತ್ತದೆ. ವಿಜ್ಞಾನದ ಮಿತ್ರರು ಇದನ್ನು ಸೂತ್ರದಲ್ಲಿ ಬರೆದು ತೋರಿಸುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಪ್ಪಯ್ಯ ಇದನ್ನು ಏಣಿಯ ಮೆಟ್ಟಿಲು ಹತ್ತಿ ಕಲಿತವರು.

ಅಪ್ಪಯ್ಯನದು ಮಲೆನಾಡಿನಲ್ಲಿ ಹೆಂಚು ಕೈಯಾಡಿಸುವ ಕೆಲಸ. ಯುಗಾದಿಯಿಂದ ಮುಂಗಾರಿನವರೆಗೆ ಒಂದು ಸುಗ್ಗಿ. ಬಿರುಗಾಳಿ ಎದ್ದ ಮರುದಿನ ಇನ್ನೊಂದು. ಊರಿಗೆ ಕೇಡಾದ ದಿನವೇ ನಮ್ಮಲ್ಲಿ ನಾಲ್ಕು ಕಾಸು ಓಡಾಡುವುದು ಎನ್ನಲು ಸಂಕೋಚವಾಗುತ್ತದೆ. ಆದರೂ ನಿಜ. ನಮ್ಮ ಮನೆತನದಲ್ಲಿ ಬಿ.ಎ. ತರಗತಿ ಕಂಡವರಲ್ಲಿ ನಾನೇ ಮೊದಲಿಗ. ನನ್ನ ಫೀಜು ಬಂದದ್ದು ಆ ಗಾಳಿಯಿಂದಲೇ.

ನಮ್ಮ ಕಡೆಯ ಹಳೆಯ ಮನೆಗಳ ಮೇಲಿರುವುದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದು, ಜೇಡಿಮಣ್ಣನ್ನು ಯಂತ್ರದಲ್ಲಿ ಒತ್ತಿ ಸುಟ್ಟು ಇದನ್ನು ಬಳಕೆಗೆ ತಂದರು. ಒಂದು ಹೆಂಚಿನ ಅಂಚು ಇನ್ನೊಂದರ ಗಾಡಿಗೆ ಕಚ್ಚಿಕೊಳ್ಳುತ್ತದೆ. ಬೆನ್ನಿನ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ನೆತ್ತಿಯ ಸಾಲಿಗೆ ಗಾರೆ ಬಿಟ್ಟರೆ ಉಳಿದದ್ದೆಲ್ಲ ತನ್ನ ಭಾರದಿಂದಲೇ ಕೂತಿರುವುದು. ಇದೇ ಅದರ ಕುಂದು, ಇದೇ ಅದರ ಗುಣ. ಗಾಳಿಗೆ ಸೂರಿನ ಮತ್ತು ನೆತ್ತಿಯ ಹೆಂಚುಗಳು ಮೊದಲು ಏಳುತ್ತವೆ, ದಿಟ. ಆದರೆ ಒಡೆದ ಒಂದಕ್ಕಾಗಿ ಇಡೀ ಮಾಡನ್ನು ಕೆಡವಬೇಕಾಗಿಲ್ಲ. ಮೇಲಿನದನ್ನೂ ಪಕ್ಕದ್ದನ್ನೂ ಕೊಂಚ ಎತ್ತಿ, ಒಡಕನ್ನು ಜಾರಿಸಿ ತೆಗೆದು, ಬೇರೊಂದನ್ನು ತೂರಿಸಿದರೆ ಸಾಕು.

ಹೇಳುವಷ್ಟು ಸುಲಭವಲ್ಲ. “ಸೋರುವ ಕಡೆ ಒಡೆದಿರುವುದಿಲ್ಲ ಮಗಾ, ಒಡೆದ ಕಡೆ ಸೋರುವುದಿಲ್ಲ” ಎನ್ನುತ್ತಾರೆ ಅಪ್ಪಯ್ಯ. ನೀರು ಪಕಾಸು ಹಿಡಿದು ಇಳಿದು ಎಲ್ಲೋ ತೊಟ್ಟಿಕ್ಕುತ್ತದೆ. ಅದಕ್ಕಾಗಿ ಹಗಲಿನಲ್ಲಿ ಕತ್ತಲೆಯ ಅಟ್ಟದಲ್ಲಿ ನಿಂತು, ಬೆಳಕಿನ ಚುಕ್ಕೆ ಹುಡುಕಿ, ಹೊರಗೆ ಬಂದು ಸಾಲು ಎಣಿಸಿ ಹತ್ತಬೇಕು. ಬರಿಗಾಲಿನಲ್ಲಿ, ಅಡಿಯಲ್ಲಿ ರೀಪಿರುವ ಕಡೆಯೇ ಹೆಜ್ಜೆ. ಹೊಸ ಹೆಂಚು ತಂದರೂ ಕಾರ್ಖಾನೆ ಬೇರೆಯಾದರೆ ಗಾಡಿ ಕೂಡುವುದಿಲ್ಲ. ಕೂಡದ ಹೆಂಚು ಮುಂದಿನ ಗಾಳಿಗೆ ಮೊದಲು ಏಳುತ್ತದೆ. ಆದ್ದರಿಂದಲೇ ಬುದ್ಧಿವಂತರು ಹಳೆಯ ಹೆಂಚನ್ನು ಹಿತ್ತಿಲಲ್ಲಿ ಪೇರಿಸಿಟ್ಟಿರುತ್ತಾರೆ.

ಅಪ್ಪಯ್ಯನಿಗೆ ಈಗ ಐವತ್ತಾರು. ಮೊಣಕಾಲು ನೋವು. ಹೆಂಚಿನ ಮೇಲೆ ಪಾಚಿ ಕಟ್ಟಿದ ದಿನಗಳಲ್ಲಿ ಅವರು ಹೊರಟರೆ, ಸಂಜೆ ತಿರುಗಿ ಬರುವ ತನಕ ಅಮ್ಮನಿಗೆ ಊಟ ಇಳಿಯದು. ಮಾಡಿನಿಂದ ಬಿದ್ದವನಿಗೆ ಗತಿ ಯಾರು? ಯಾರ ಮನೆಯಲ್ಲೂ ಎರಡು ದಿನಕ್ಕಿಂತ ಹೆಚ್ಚು ಕೆಲಸವಿರದವನಿಗೆ ಧಣಿ ಯಾರು?

ಈ ಪ್ರಶ್ನೆಗೆ ಉತ್ತರದ ಒಂದು ತುದಿ ನನಗೆ ಸಿಕ್ಕಿದ್ದು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಆದ ಕಾಯ್ದೆಯು ಕಟ್ಟುವುದನ್ನಷ್ಟೇ ಅಲ್ಲ, ದುರಸ್ತಿಯನ್ನೂ ಕಟ್ಟಡದ ಕೆಲಸವೆಂದೇ ಎಣಿಸಿತು. ವಯಸ್ಸು ಅರವತ್ತರೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದವರು ನೋಂದಾಯಿಸಿಕೊಳ್ಳಬಹುದು. ಅಪಘಾತಕ್ಕೆ ನೆರವುಂಟು, ಮುಪ್ಪಿಗೆ ಪಿಂಚಣಿಯುಂಟು. ‘ದುರಸ್ತಿ’ ಎಂಬ ಆ ಒಂದು ಪದವನ್ನು ನಾನು ಮೂರು ಸಲ ಓದಿದೆ. ಮೂರು ವರ್ಷ ಓದಿದ್ದರಲ್ಲಿ ಬೇರೆ ಯಾವ ಪದವೂ ನನಗೆ ಅಷ್ಟು ಹತ್ತಿರದ್ದೆನಿಸಿರಲಿಲ್ಲ.

ಅಂದಿನಿಂದ ಒಂದು ನೋಟುಬುಕ್ಕು ಇಟ್ಟಿದ್ದೇನೆ: ಯಾರ ಮನೆ, ಎಷ್ಟು ದಿನ, ಎಷ್ಟು ಹೆಂಚು, ಮನೆಯವರ ರುಜು. “ಹೆಂಚು ಕೈಯಾಡ್ಸೋಕೂ ರುಜು ಬೇಕೇನೋ?” ಎಂದು ಕೆಲವರು ನಗಾಡಿದರು, ನಗಾಡುತ್ತಲೇ ಹಾಕಿಕೊಟ್ಟರು. ಅಪ್ಪಯ್ಯ ಮೊದಮೊದಲು ಮುಜುಗರಪಟ್ಟರು, ಕೇಳಿ ಪಡೆಯುವುದು ಭಿಕ್ಷೆಯೆಂಬಂತೆ. ಈಗ ಮನೆಗೆ ಬಂದೊಡನೆ ಕಾಲು ತೊಳೆಯುವ ಮುಂಚೆಯೇ “ಬರ್ಕೊಂಡ್ಯಾ?” ಎಂದು ಕೇಳುತ್ತಾರೆ.

ಲೆಕ್ಕ 76ಕ್ಕೆ ಬಂದಿದೆ. ಇನ್ನು 14 ದಿನ ಬೇಕು. ಪರೀಕ್ಷೆ ಮುಗಿದ ಮೇಲೂ ಮುಂಗಾರಿಗೆ ಕೆಲವು ವಾರ ಉಳಿದಿರುತ್ತದೆ. ಅಷ್ಟೂ ದಿನ ಏಣಿ ಹಿಡಿಯಲು, ಹೆಂಚು ಕೊಡಲು ನಾನು ಕೆಳಗೆ ನಿಂತಿರುತ್ತೇನೆ. ಪದವಿಯಿಂದ ಏನು ಪ್ರಯೋಜನವೆಂದು ಊರಿನವರು ಕೇಳಿದರೆ, ಸದ್ಯಕ್ಕೆ ಆ ನೋಟುಬುಕ್ಕನ್ನೇ ತೋರಿಸಬೇಕೆಂದಿದ್ದೇನೆ.