ಒಂದು ರಾತ್ರಿಯ ಬಾಡಿಗೆಗೆ ಬಂದ ಕಲೆ

ವಸತಿಗೃಹದ ಒಡೆಯನು ಮಾರುವ ಸರಕು ವಿಚಿತ್ರವಾದುದು. ಜವಳಿ ಅಂಗಡಿಯ ಥಾನು ಇಂದು ಮಾರದಿದ್ದರೆ ನಾಳೆ ಮಾರೀತು. ಅಕ್ಕಿಯ ಮೂಟೆ ಒಂದು ತಿಂಗಳು ಕಾದೀತು. ಆದರೆ ಕೋಣೆಯ ಒಂದು ರಾತ್ರಿ ಗಿರಾಕಿಯಿಲ್ಲದೆ ಕಳೆದರೆ ಅದು ಮತ್ತೆಂದೂ ಮಾರಾಟಕ್ಕೆ ಬಾರದು. ಉಷ್ಣವಲಯದ ಕಡಲತೀರಗಳಲ್ಲಿ ಈ ಭಯ ಇನ್ನಷ್ಟು ಹೆಚ್ಚು. ಮರಳು, ತೆಂಗು, ನೀಲಿ ನೀರು ಎಲ್ಲ ಒಡೆಯರ ಬಳಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ, ತನ್ನ ಕೋಣೆ ನೆರೆಯವನ ಕೋಣೆಗಿಂತ ಬೇರೆ ಎಂದು ತೋರಿಸಲು ಪ್ರತಿಯೊಬ್ಬನೂ ಏನನ್ನಾದರೂ ಹುಡುಕಬೇಕಾಗುತ್ತದೆ. ಹಾಗೆ ಹುಡುಕಿದವರಲ್ಲಿ ಹಲವರಿಗೆ ಸಿಕ್ಕಿದ್ದು ಕಲೆ. 'ಕಲಾಪ್ರೇರಿತ ಕೋಣೆ' ಎಂಬ ಮಾತು ಇಂದು ಪ್ರವಾಸೋದ್ಯಮದ ಪ್ರಚಾರಪತ್ರಗಳಲ್ಲಿ ಧಾರಾಳವಾಗಿ ಕಾಣುತ್ತದೆ.

ಈ ಮಾತಿನಲ್ಲಿ ಎರಡು ಬಗೆಯ ವ್ಯವಹಾರಗಳು ಅಡಗಿವೆ. ಕಟ್ಟಡ ಮೇಲೇಳುವಾಗಲೇ ಕಲಾವಿದನನ್ನು ಕರೆದು, ಅವನ ಕೈಗೆಲಸಕ್ಕೆ ಗೋಡೆಯಲ್ಲಿ, ಚಾವಣಿಯಲ್ಲಿ, ಮೆಟ್ಟಿಲಲ್ಲಿ ಸ್ಥಾನವಿಟ್ಟು, ಕೂಲಿ ಕೊಟ್ಟು, ಹೆಸರನ್ನು ಉಳಿಸುವುದು ಒಂದು. ಕೋಣೆ ಸಿದ್ಧವಾದ ಮೇಲೆ ಒಂದು ಹೆಸರನ್ನೋ ಒಂದು ಶೈಲಿಯನ್ನೋ ತಂದು ಅದಕ್ಕೆ ಉಡಿಸುವುದು ಇನ್ನೊಂದು. ಗಿರಾಕಿಗೆ ಎರಡೂ ಒಂದೇ ಬೆಲೆಗೆ ದೊರೆಯಬಹುದು. ಇವೆರಡರ ಅಂತರವನ್ನು ಶ್ರೀಲಂಕೆಯ ಕರಾವಳಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ.

ಕೊಲಂಬೊ ನಗರದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ ಬೆಂಟೋಟ ಎಂಬ ಊರಿದೆ. ನದಿಯೊಂದು ಕಡಲನ್ನು ಸೇರುವ ಆ ಸ್ಥಳದಲ್ಲಿ 1960ರ ದಶಕದ ಕೊನೆಯಲ್ಲಿ ಆ ದೇಶದ ಮೊದಲ ಯೋಜಿತ ಕಡಲತೀರದ ಪ್ರವಾಸಿ ಗ್ರಾಮ ತಲೆಯೆತ್ತಿತು. ದ್ವೀಪಕ್ಕೆ ಆಗಿನ್ನೂ ಸಿಲೋನ್ ಎಂಬ ಹೆಸರೇ ಇತ್ತು. ಪ್ರವಾಸೋದ್ಯಮ ಮಂಡಲಿ 1966ರಲ್ಲಿ ಹುಟ್ಟಿತ್ತು. ಬೆಂಟೋಟ ಬೀಚ್ ಹೋಟೆಲಿನ ನಕ್ಷೆಯನ್ನು ಬರೆದವರು ಜೆಫ್ರಿ ಬಾವಾ. 1919ರಲ್ಲಿ ಜನಿಸಿದ ಇವರು ಮೊದಲು ಕಾನೂನು ಓದಿ ವಕೀಲರಾಗಿದ್ದವರು. ತಡವಾಗಿ ಲಂಡನ್ನಿನಲ್ಲಿ ವಾಸ್ತುವಿದ್ಯೆಯನ್ನು ಕಲಿತು 1957ರಲ್ಲಿ ತೇರ್ಗಡೆಯಾದಾಗ ನಲವತ್ತರ ಸಮೀಪದಲ್ಲಿದ್ದರು. ಬದುಕಿನ ನಡುಹಾದಿಯಲ್ಲಿ ವೃತ್ತಿಯನ್ನು ಬದಲಿಸುವ ಧೈರ್ಯ ಎಲ್ಲರಿಗೂ ಬರುವಂಥದಲ್ಲ, ಎಲ್ಲರ ಮನೆಯ ಸ್ಥಿತಿಯೂ ಅದಕ್ಕೆ ಅವಕಾಶ ಕೊಡುವುದಿಲ್ಲ ಎಂಬುದೂ ನಿಜ.

ಆ ಕಾಲದಲ್ಲಿ ಸಿಲೋನ್ ಸರ್ಕಾರವು ವಿದೇಶೀ ವಿನಿಮಯದ ಕೊರತೆಯಿಂದ ಬಳಲುತ್ತಿತ್ತು. ಆಮದಿನ ಮೇಲೆ ಬಿಗಿಯಾದ ನಿರ್ಬಂಧಗಳಿದ್ದವು. ಹೊರದೇಶದಿಂದ ಗಾಜು, ಉಕ್ಕು, ಪರದೆ, ಪೀಠೋಪಕರಣ ತರಿಸಿ ಹೋಟೆಲು ಕಟ್ಟುವುದು ಸುಲಭಸಾಧ್ಯವಾಗಿರಲಿಲ್ಲ. ಹೀಗಾಗಿ ಊರಿನ ಕಲ್ಲು, ಊರಿನ ಹೆಂಚು, ಊರಿನ ಮರ, ಊರಿನ ಮಗ್ಗದ ಬಟ್ಟೆ ಇವುಗಳತ್ತಲೇ ತಿರುಗಬೇಕಾಯಿತು. ಒರಟು ಕಲ್ಲಿನ ದಪ್ಪ ಗೋಡೆಯ ಅಧಿಷ್ಠಾನ, ಅದರ ಮೇಲೆ ಚಾಚಿದ ಹೆಂಚಿನ ಸೂರು, ನಡುವೆ ನೀರಿನ ಕೊಳವಿರುವ ಅಂಗಳ: ಬೆಂಟೋಟದ ಹೋಟೆಲು ಹೀಗೆ ರೂಪುಗೊಂಡಿತು. ಇಂದು ಅದನ್ನು ಕಲಾದೃಷ್ಟಿಯ ಫಲವೆಂದು ಹೊಗಳುವವರು ಖಾಲಿಯಾಗಿದ್ದ ಖಜಾನೆಗೂ ಒಂದಷ್ಟು ಪಾಲನ್ನು ಕೊಡಬೇಕು. ಕೈಯಲ್ಲಿ ಹಣ ಧಾರಾಳವಾಗಿದ್ದಿದ್ದರೆ ಬಾವಾ ಅವರೂ ಇಷ್ಟು ಮಂದಿ ಕುಶಲಕರ್ಮಿಗಳ ಮನೆಯ ಬಾಗಿಲು ತಟ್ಟುತ್ತಿದ್ದರೆ ಎಂಬ ಸಂಶಯ ಅನ್ಯಾಯವಾದುದೇನಲ್ಲ.

ಆ ಹೋಟೆಲಿನ ಕೀರ್ತಿ ಅದರ ಪ್ರವೇಶಾಂಗಣದ ಚಾವಣಿಯಲ್ಲಿತ್ತು. ಮಬ್ಬುಗತ್ತಲ ಕಲ್ಲಿನ ಮೆಟ್ಟಿಲುಗಳನ್ನೇರಿ ಬಂದ ಅತಿಥಿಯ ತಲೆಯ ಮೇಲೆ ಒಮ್ಮೆಲೇ ಬಣ್ಣಗಳು ತೆರೆದುಕೊಳ್ಳುತ್ತಿದ್ದವು. ಅದು ಬಾಟಿಕ್ ಬಟ್ಟೆಯ ಚಾವಣಿ. ರಚಿಸಿದವರು ಈನಾ ಡಿ ಸಿಲ್ವಾ ಎಂಬ ಮಹಿಳೆ.

ಬಾಟಿಕ್ ಎಂದರೆ ತಾಳ್ಮೆಯ ಕೆಲಸ. ಶುಭ್ರವಾದ ಬಟ್ಟೆಯ ಮೇಲೆ ಕಾಸಿದ ಮೇಣದಿಂದ ಚಿತ್ರ ಬರೆಯಬೇಕು; ಮೇಣ ಹತ್ತಿದ ಕಡೆ ಬಣ್ಣ ಹಿಡಿಯದು. ಬಟ್ಟೆಯನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ ಒಣಗಿಸಿ, ಉಳಿಯಬೇಕಾದ ಬಣ್ಣದ ಮೇಲೆ ಮತ್ತೆ ಮೇಣ ಹಚ್ಚಿ, ಎರಡನೆಯ ಬಣ್ಣಕ್ಕೆ ಅದ್ದಬೇಕು. ಎಷ್ಟು ಬಣ್ಣವೋ ಅಷ್ಟು ಸಲ ಈ ಕ್ರಮ. ಕೊನೆಗೆ ಕುದಿನೀರಿನಲ್ಲಿ ಮೇಣವನ್ನೆಲ್ಲ ಕರಗಿಸಿ ತೆಗೆಯಬೇಕು. ಮೇಣ ಬಿರಿತ ಕಡೆಗಳಲ್ಲಿ ಬಣ್ಣ ನುಸುಳಿ ಕೂದಲೆಳೆಯಂಥ ಗೆರೆಗಳು ಮೂಡುತ್ತವೆ. ಅವು ಯಾರೂ ಬರೆದವಲ್ಲ, ಆದರೂ ಅಚ್ಚಿನ ಯಂತ್ರದಿಂದ ಬಂದ ಬಟ್ಟೆಗೂ ಕೈಯಿಂದ ಬಂದ ಬಟ್ಟೆಗೂ ಇರುವ ಭೇದವನ್ನು ಆ ಗೆರೆಗಳೇ ಸಾರುತ್ತವೆ. ಜವಳಿ ವ್ಯಾಪಾರದಲ್ಲಿ ಕೈಯಾಡಿಸಿದ ಯಾರಿಗಾದರೂ ಅದನ್ನು ಗುರುತಿಸಲು ಅರೆಕ್ಷಣ ಸಾಕು. ಇಂಥ ಬಟ್ಟೆಯನ್ನು ಒಂದು ಅಂಗಣದ ಚಾವಣಿ ತುಂಬುವಷ್ಟು ಸಿದ್ಧಪಡಿಸಲು ಎಷ್ಟು ಕೈಗಳು ದುಡಿದಿರಬೇಕು ಎಂಬುದನ್ನು ಅತಿಥಿಗಳಲ್ಲಿ ಎಷ್ಟು ಮಂದಿ ಯೋಚಿಸಿದರೋ!

ಆ ಕೈಗಳ ವಿಷಯವೇ ಇಲ್ಲಿ ಮುಖ್ಯವಾದುದು. 1922ರಲ್ಲಿ ಹುಟ್ಟಿದ ಈನಾ ಅವರು ಪ್ರತಿಷ್ಠಿತ ಕುಟುಂಬದವರು. ಅವರ ತಂದೆ ರಿಚರ್ಡ್ ಅಲುವಿಹಾರೆಯವರು ಸಿಲೋನಿನ ಪೊಲೀಸ್ ಇಲಾಖೆಯ ಮುಖ್ಯಸ್ಥರಾದ ಮೊದಲ ದೇಶೀಯರು. ಮಗನೊಡನೆ, ಚಿತ್ರಕಾರ ಲಕಿ ಸೇನಾನಾಯಕರೊಡನೆ ಸೇರಿ ಅವರು ಬಾಟಿಕ್ ಕೆಲಸವನ್ನು ಆರಂಭಿಸಿದ್ದು 1960ರ ದಶಕದಲ್ಲಿ. 1980ರ ದಶಕದಲ್ಲಿ ಅವರು ಕೊಲಂಬೊವನ್ನು ಬಿಟ್ಟು ಮಾತಲೆಯ ಬಳಿಯ ತಮ್ಮ ಪೂರ್ವಿಕರ ಊರಾದ ಅಲುವಿಹಾರೆಯಲ್ಲಿ ನೆಲೆಸಿ, ಹಳ್ಳಿಯ ಹೆಂಗಸರಿಗೆ ಬಾಟಿಕ್ ಮತ್ತು ಕಸೂತಿಯ ಕೆಲಸವನ್ನು ಒದಗಿಸಿದರು. ಮುಂದೆ ಮರಗೆಲಸ, ಹಿತ್ತಾಳೆಯ ಎರಕವೂ ಅಲ್ಲಿ ನಡೆದವು. ಬೌದ್ಧ ಸಂಪ್ರದಾಯದ ಪ್ರಕಾರ, ಅದುವರೆಗೆ ಬಾಯಿಪಾಠದಲ್ಲೇ ಉಳಿದುಬಂದಿದ್ದ ತ್ರಿಪಿಟಕವನ್ನು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಮೊದಲ ಬಾರಿಗೆ ತಾಳೆಗರಿಯ ಮೇಲೆ ಬರೆದಿಟ್ಟ ಸ್ಥಳವೂ ಅಲುವಿಹಾರೆಯೇ. ಬರೆದ ಭಿಕ್ಷುಗಳ ಹೆಸರುಗಳು ಲೋಕಕ್ಕೆ ತಿಳಿದಿಲ್ಲ. ಮೇಣ ಹಚ್ಚಿದ ಹೆಂಗಸರ ಹೆಸರುಗಳೂ ಅಷ್ಟೇ. ಭಿಕ್ಷುಗಳು ಹೆಸರನ್ನು ಬಯಸಿ ಬಿಟ್ಟವರು. ಹೆಂಗಸರನ್ನು ಯಾರೂ ಕೇಳಲಿಲ್ಲ.

ಬಾವಾ ಅವರ ಕಟ್ಟಡಗಳಿಗೆ ಕೈಮಗ್ಗದ ಬಟ್ಟೆಗಳನ್ನು ಒದಗಿಸಿದ ಬಾರ್ಬರಾ ಸನ್ಸೋನಿಯವರ ಕಥೆಯೂ ಇದೇ ಜಾಡಿನದು. ಬಡ ಹುಡುಗಿಯರಿಗೆ ನೇಯ್ಗೆಯಿಂದ ಜೀವನೋಪಾಯ ಕಲ್ಪಿಸಲು ಹೊರಟ ಕ್ರೈಸ್ತ ಸನ್ಯಾಸಿನಿಯರು ಇವರಲ್ಲಿ ವಿನ್ಯಾಸದ ನೆರವು ಕೇಳಿದರು. ಅಲ್ಲಿಂದ ಬೆಳೆದ ಉದ್ಯಮ 1964ರಲ್ಲಿ ಬೇರ್‌ಫುಟ್ ಎಂಬ ಹೆಸರನ್ನು ಪಡೆಯಿತು. ಹೋಟೆಲಿನ ಹಾಸಿಗೆಯ ಮೇಲಿನ ಹೊದಿಕೆ ಅತಿಥಿಗೆ ಅಲಂಕಾರ. ನೇಯ್ದ ಹುಡುಗಿಗೆ ಅದು ತಿಂಗಳ ಸಂಬಳ. ಅಲಂಕಾರವೆಂದು ಹೀಗಳೆಯುವ ನೀತಿವಾದಿಗಳು ಈ ಎರಡನೆಯ ಲೆಕ್ಕವನ್ನು ಮರೆಯಬಾರದು.

ಇನ್ನೂ ದಕ್ಷಿಣಕ್ಕೆ ಹೋದರೆ ಗಾಲ್ ನಗರ. ಪೋರ್ಚುಗೀಸರಿಂದ ಡಚ್ಚರು 1640ರಲ್ಲಿ ಕಸಿದುಕೊಂಡು, 1796ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟ ಕೋಟೆ ಅಲ್ಲಿದೆ. ಊರಿನ ಅಂಚಿನಲ್ಲಿ, ಅಲೆಗಳು ಬಂಡೆಗಳಿಗೆ ಬಡಿಯುವ ಎಡೆಯಲ್ಲಿ ಬಾವಾ ಅವರು ಕಟ್ಟಿದ ಲೈಟ್‌ಹೌಸ್ ಹೋಟೆಲು 1997ರಲ್ಲಿ ತೆರೆಯಿತು. ಮೇಲೆ ಹೇಳಿದ ಎರಡು ಬಗೆಯ ವ್ಯವಹಾರಗಳೂ ಅಲ್ಲಿ ಒಂದೇ ಸೂರಿನಡಿ ಇವೆ.

ಮೊದಲನೆಯದು ಮೆಟ್ಟಿಲು. ಗೋಪುರದಂಥ ಉರುಟು ಆವರಣದೊಳಗೆ ಸುರುಳಿ ಸುತ್ತಿ ಮೇಲೇರುವ ಈ ಮೆಟ್ಟಿಲುಸಾಲಿನ ಉದ್ದಕ್ಕೂ ಲಕಿ ಸೇನಾನಾಯಕರು ಲೋಹದಲ್ಲಿ ರೂಪಿಸಿದ ಯೋಧರ ಸಾಲಿದೆ. 1630ರ ರಂದೇನಿವೆಲ ಯುದ್ಧದಲ್ಲಿ ಸಿಂಹಳ ಸೈನ್ಯವು ಪೋರ್ಚುಗೀಸರನ್ನು ಸೋಲಿಸಿದ ಪ್ರಸಂಗವದು. ಪೋರ್ಚುಗೀಸ್ ದಳಪತಿ ಕಾನ್‌ಸ್ಟಂಟೀನೊ ಡಿ ಸಾ ಅಲ್ಲಿ ಹತನಾದನು. ರಜೆಯ ಸುಖಕ್ಕೆ ಬಂದವರು ಸಾಯುವವರ ಮತ್ತು ಕೊಲ್ಲುವವರ ನಡುವೆಯೇ ಹಾದು ಮೇಲೆ ಹೋಗಬೇಕು. ಹಿಂಸೆಯನ್ನು ಕಣ್ಣಿಗೆ ಹಬ್ಬವಾಗಿಸುವುದು ಯುಕ್ತವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ತೂಕದ್ದೇ. ಆದರೂ ಅತಿಥಿ ಕಿಟಕಿಯಿಂದ ನೋಡುವ ಕಡಲೇ ಆ ಸೈನ್ಯಗಳನ್ನು ತಂದ ಕಡಲು. ಅದನ್ನು ಬರಿಯ ನೀಲಿ ನೀರೆಂದು ಮಾರುವುದಕ್ಕಿಂತ ಅದರ ಲೆಕ್ಕವನ್ನು ಬಾಗಿಲಲ್ಲೇ ಒಪ್ಪಿಸುವುದು ಪ್ರಾಮಾಣಿಕವಾದುದು.

ಎರಡನೆಯದು ವಿಶೇಷ ಕೋಣೆಗಳು. ದ್ವೀಪಕ್ಕೆ ಬಂದುಹೋದ ಯಾತ್ರಿಕರ ಹೆಸರುಗಳನ್ನು ಅವುಗಳಿಗೆ ಇಡಲಾಗಿದೆ: 1344ರಲ್ಲಿ ಬಂದ ಇಬ್ನ್ ಬತೂತನ ಹೆಸರಿನ ಕೋಣೆ ಮೊರಾಕೊ ಶೈಲಿಯದು, 1602ರಲ್ಲಿ ಬಂದ ಸ್ಪಿಲ್‌ಬರ್ಗೆನ್‌ನದು ಡಚ್ ಶೈಲಿಯದು, ಫಾಹಿಯಾನನದು ಚೀನೀ ಶೈಲಿಯದು. ಮೊದಲ ಇಬ್ಬರ ವಿಷಯದಲ್ಲಿ ತಕರಾರಿಲ್ಲ. ಒಬ್ಬನು ರಾಜರ ಔತಣವನ್ನು ಬಲ್ಲವನು, ಮತ್ತೊಬ್ಬನು ವ್ಯಾಪಾರಕ್ಕೆ ಬಂದ ನೌಕಾಧಿಕಾರಿ. ಫಾಹಿಯಾನನು ಭಿಕ್ಷು. ಧರ್ಮಗ್ರಂಥಗಳ ಪ್ರತಿಗಳನ್ನು ಅರಸುತ್ತ ಮರುಭೂಮಿಯನ್ನೂ ಹಿಮಪರ್ವತಗಳನ್ನೂ ಕಾಲ್ನಡಿಗೆಯಲ್ಲಿ ದಾಟಿ ಭಾರತಕ್ಕೆ ಬಂದು, ಐದನೆಯ ಶತಮಾನದ ಆರಂಭದಲ್ಲಿ ಎರಡು ವರ್ಷ ಸಿಂಹಳದಲ್ಲಿದ್ದವನು. ಅವನೇ ಹೇಳಿಕೊಂಡಿರುವಂತೆ, ಅನುರಾಧಪುರದಲ್ಲಿ ಬುದ್ಧಪ್ರತಿಮೆಯ ಮುಂದೆ ವರ್ತಕನೊಬ್ಬನು ಚೀನಾದ ಬಿಳಿಯ ರೇಷ್ಮೆಯ ಬೀಸಣಿಗೆಯನ್ನು ಕಾಣಿಕೆಯಾಗಿ ಇಡುವುದನ್ನು ಕಂಡು ಅವನ ಕಣ್ಣು ತುಂಬಿ ಬಂದವು. ಊರು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು, ಜೊತೆಗೆ ಹೊರಟವರಲ್ಲಿ ಕೆಲವರು ಬೇರೆಯಾಗಿದ್ದರು, ಕೆಲವರು ತೀರಿಕೊಂಡಿದ್ದರು. ತವರಿನ ಒಂದು ಬೀಸಣಿಗೆ ಸಾಕಾಯಿತು. ಆ ಮನುಷ್ಯನ ಹೆಸರಿನಲ್ಲಿ ಇಂದು ಚೀನಾ ದೇಶದ ಕುಶಲವಸ್ತುಗಳಿಂದ ಸಿಂಗರಿಸಿದ ಕೋಣೆ ದೊಡ್ಡ ಬಾಡಿಗೆಗೆ ದೊರೆಯುತ್ತದೆ. ಇದರಲ್ಲಿ ದುರುದ್ದೇಶವಿಲ್ಲ, ಓದಿದವರು ಯಾರೋ ಪ್ರೀತಿಯಿಂದಲೇ ಆ ಹೆಸರನ್ನು ಆರಿಸಿರಬೇಕು. ಹಾಗಿದ್ದರೂ ಭಿಕ್ಷಾಪಾತ್ರೆಯವನ ಹೆಸರು ಐಷಾರಾಮದ ಕೋಣೆಗೆ ಒಪ್ಪುವುದಿಲ್ಲ. ಆ ಬೀಸಣಿಗೆಯ ಕಥೆಯನ್ನು ಗೋಡೆಯ ಮೇಲೆ ನಾಲ್ಕು ಸಾಲಿನಲ್ಲಿ ಬರೆದಿಟ್ಟಿದ್ದರೆ ಒಳಗಿನ ಸಾಮಾನುಗಳಲ್ಲಿ ಅರ್ಧದಷ್ಟು ಬೇಕಾಗುತ್ತಿರಲಿಲ್ಲ.

ಇನ್ನು ಲೆಕ್ಕಪತ್ರದ ಮಾತು. ಹೋಟೆಲಿನ ಅಢಾವೆ ಪತ್ರಿಕೆಯಲ್ಲಿ ಕಲಾಕೃತಿಯ ಸ್ಥಾನ ಯಾವುದು? ಚಾವಣಿಗೆ ಜೋಡಿಸಿದ ಬಟ್ಟೆ, ಮೆಟ್ಟಿಲಿಗೆ ಬೆಸೆದ ಲೋಹ ಇವು ಸಾಮಾನ್ಯವಾಗಿ ಕಟ್ಟಡದ ಅಥವಾ ಪೀಠೋಪಕರಣ ಮತ್ತು ಜೋಡಣೆಗಳ ಖಾತೆಯಲ್ಲಿ ಸೇರಿಹೋಗುತ್ತವೆ. ಭಾರತದ 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯು ಪೀಠೋಪಕರಣಗಳಿಗೆ ಸಾಮಾನ್ಯವಾಗಿ 10 ವರ್ಷಗಳ ಆಯುಷ್ಯವನ್ನೂ, ಹೋಟೆಲುಗಳಲ್ಲಿ ಬಳಸುವವುಗಳಿಗೆ 8 ವರ್ಷಗಳ ಆಯುಷ್ಯವನ್ನೂ ಗೊತ್ತುಪಡಿಸಿದೆ. ಕುರ್ಚಿಗೆ ಅದು ಸರಿಯೇ; ಬರುವವರೆಲ್ಲ ಕೂರುವ ಕುರ್ಚಿ ಬೇಗ ಸವೆಯುತ್ತದೆ. ಆದರೆ ಆ ಖಾತೆಗೆ ಸೇರಿದ ಕೈಕೆಲಸವೂ ವರ್ಷವರ್ಷ ಸವಕಳಿ ಕಳೆದು ಎಂಟನೆಯ ವರ್ಷ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ಪುಸ್ತಕದಲ್ಲಿ ಸೊನ್ನೆಯಾದ ವಸ್ತುವನ್ನು ಕಿತ್ತೆಸೆಯಲು ವ್ಯವಸ್ಥಾಪಕನಿಗೆ ಅಳುಕಾಗುವುದಿಲ್ಲ. ಕಲೆಗೆ ಆಗುವ ಹಾನಿಗಳಲ್ಲಿ ಬಹುಪಾಲು ದ್ವೇಷದಿಂದ ಆಗುವುದಿಲ್ಲ, ಹೀಗೆ ಕಿರ್ದಿಯ ಶಿಸ್ತಿನಿಂದ ಆಗುತ್ತದೆ.

ಕೊಂಡವನಿಗೆ ನಾಶಮಾಡುವ ಹಕ್ಕೂ ಬರುತ್ತದೆಯೇ ಎಂಬ ಪ್ರಶ್ನೆಗೆ ಭಾರತದ ನ್ಯಾಯಾಲಯವೊಂದು ಉತ್ತರ ಕೊಟ್ಟಿದೆ. ದೆಹಲಿಯ ವಿಜ್ಞಾನ ಭವನಕ್ಕಾಗಿ 1957ರಲ್ಲಿ ಶಿಲ್ಪಿ ಅಮರನಾಥ ಸೆಹಗಲ್ಲರಿಗೆ ಒಪ್ಪಿಸಲಾಗಿದ್ದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. ಶಿಲ್ಪಿ ಮೊಕದ್ದಮೆ ಹೂಡಿದರು. ದೆಹಲಿ ಉಚ್ಚ ನ್ಯಾಯಾಲಯವು 2005ರಲ್ಲಿ ಉಳಿದ ತುಂಡುಗಳನ್ನು ಅವರಿಗೇ ಹಿಂದಿರುಗಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಆದೇಶಿಸಿತು. ಹಣ ಕೊಟ್ಟು ಪಡೆದ ಮೇಲೂ ಕೃತಿಯಲ್ಲಿ ಕರ್ತೃವಿನ ಹಿತವೊಂದು ಉಳಿದಿರುತ್ತದೆ ಎಂಬುದು ಆ ತೀರ್ಪಿನ ತಿರುಳು. ವ್ಯಾಪಾರದ ಹಳೆಯ ರೂಢಿಗೆ ಇದು ಹೊಸದೆನಿಸಬಹುದು. ಮಾರಿದ ಮೇಲೆ ಸರಕು ಕೊಂಡವನದೇ ಎಂಬುದು ಎಲ್ಲ ಅಂಗಡಿಗಳ ನಿಯಮ.

ಬೆಂಟೋಟದಲ್ಲಿ ಯಾರೂ ಮೊಕದ್ದಮೆ ಹೂಡಲಿಲ್ಲ. 1990ರ ದಶಕದ ಕೊನೆಯ ಮರುವಿನ್ಯಾಸದಲ್ಲಿ ಬಾವಾ ಅವರ ಮೂಲ ರಚನೆಯ ಎಷ್ಟೋ ಅಂಶಗಳು ಬದಲಾದವು. ಬಾವಾ 2003ರಲ್ಲಿ ತೀರಿಕೊಂಡರು. ಅವರ ಬಳಿ ದುಡಿದು ಕಲಿತ ಚನ್ನ ದಾಸವತ್ತೆಯವರ ಮೇಲ್ವಿಚಾರಣೆಯಲ್ಲಿ ಹೋಟೆಲನ್ನು ಮತ್ತೆ ಹಳೆಯ ರೂಪದತ್ತ ತಿರುಗಿಸಿ 2019ರಲ್ಲಿ ತೆರೆಯಲಾಯಿತು; ಪ್ರವೇಶಾಂಗಣದ ಮೇಲೆ ಈನಾ ಅವರ ವಿನ್ಯಾಸದ ಬಾಟಿಕ್ ಚಾವಣಿ ಇಂದು ಮತ್ತೆ ಕಾಣುತ್ತದೆ. ಒಮ್ಮೆ ಬದಲಿಸಲು ವೆಚ್ಚ, ಮತ್ತೆ ಮೊದಲಿನಂತೆ ಮಾಡಲು ವೆಚ್ಚ! ಮೊದಲೇ ಜೋಪಾನ ಮಾಡಿದ್ದರೆ ಎರಡೂ ಉಳಿಯುತ್ತಿದ್ದವು.

ಈನಾ ಅವರ ಕೊಲಂಬೊ ಮನೆಯದು ಬೇರೊಂದು ಕಥೆ. ಬಾವಾ ಅವರು 1960ರ ದಶಕದ ಆರಂಭದಲ್ಲಿ ಅವರಿಗಾಗಿ ಕಟ್ಟಿದ, ನಡುವೆ ತೆರೆದ ಅಂಗಳವಿರುವ ಮನೆಯದು. ನಗರದ ಭೂಮಿಯ ಬೆಲೆ ಏರಿ, 2009ರಲ್ಲಿ ಆ ನಿವೇಶನ ಮಾರಾಟವಾದಾಗ ಮನೆಯನ್ನು ಕೆಡವಲಿಲ್ಲ. ಕಲ್ಲು, ಕಂಬ, ಬಾಗಿಲುಗಳಿಗೆ ಗುರುತು ಹಾಕಿ ಕಳಚಿ, ಬೆಂಟೋಟದ ಬಳಿ ಬಾವಾ ಅವರ ತೋಟವಾದ ಲುನುಗಂಗಕ್ಕೆ ಸಾಗಿಸಿ, 2016ರ ಹೊತ್ತಿಗೆ ಅಲ್ಲಿ ಮರುಕಟ್ಟಲಾಯಿತು. ಆ ವೇಳೆಗೆ ಈನಾ ಇರಲಿಲ್ಲ. 2015ರಲ್ಲಿ, ತೊಂಬತ್ಮೂರನೆಯ ವಯಸ್ಸಿನಲ್ಲಿ ಅವರು ಕಾಲವಾಗಿದ್ದರು. ಅನಂತರ ಆ ಮನೆಯ ಕೋಣೆಗಳನ್ನೂ ಪ್ರವಾಸಿಗರಿಗೆ ರಾತ್ರಿಯ ಲೆಕ್ಕದಲ್ಲಿ ಕೊಡತೊಡಗಿದರು. ಅವರು ಬದುಕಿದ ಅಂಗಳ, ಅವರು ನಡೆದಾಡಿದ ಕಲ್ಲುಹಾಸು, ಅವರು ಬಾಗಿಲು ತೆರೆದು ಮಳೆ ನೋಡಿದ ಮೊಗಸಾಲೆ, ಎಲ್ಲವೂ ಕಳಚಿದ ಗುರುತಿನ ಪ್ರಕಾರವೇ ಸ್ವಸ್ಥಾನಗಳಲ್ಲಿವೆ. ಬಾಡಿಗೆಯಿಂದ ಬರುವ ಹಣವಿಲ್ಲದೆ ಆ ಸೂರಿನ ಹೆಂಚುಗಳನ್ನು ಮಳೆಗಾಲಕ್ಕೊಮ್ಮೆ ಕೈಯಾಡಿಸುವುದೂ ಕಷ್ಟವೇ.