ಹೇಮಾವತಿಯ ಸೀಮೆಯಲ್ಲಿ

ಚನ್ನರಾಯಪಟ್ಟಣದಿಂದ ಹೊರಟು ಹೊಳೆನರಸೀಪುರ, ಅರಕಲಗೂಡುಗಳನ್ನು ಹಾದು ಹಾಸನವನ್ನು ಸೇರುವ ದಾರಿಯು ಬಹು ದೂರದ್ದಲ್ಲ. ನಾಲ್ಕು ಊರುಗಳನ್ನೂ ಒಂದೇ ದಿನದಲ್ಲಿ ನೋಡಬಹುದು. ಅರಬ್ಬೀ ದೇಶಗಳ ಸುದ್ದಿಯನ್ನೋದಿ, ಪ್ರಜೆಗಳು ದಂಗೆಯೆದ್ದ ಮೇಲೆ ಒಂದು ದೇಶದ ಗತಿಯೇನಾಗುವುದೆಂದು ಯೋಚಿಸುವ ಗೃಹಸ್ಥರಿಗೆ, ಈ ದಾರಿಯಲ್ಲಿಯೇ ನಮ್ಮ ಸೀಮೆಯ ಹಳೆಯದೊಂದು ಉತ್ತರವು ದೊರೆಯುವುದು.

ಚನ್ನರಾಯಪಟ್ಟಣದ ಸುತ್ತ ತೆಂಗಿನ ತೋಟಗಳೂ ರಾಗಿಯ ಹೊಲಗಳೂ ಹರಡಿವೆ. ಶ್ರವಣಬೆಳಗೊಳದ ಗೊಮ್ಮಟನು ಈ ತಾಲ್ಲೂಕಿನವನೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸೀಮೆಯಲ್ಲಿ 'ಶರತ್ತು' ಎಂಬ ಪದ್ಧತಿಯಿತ್ತು. ಅಮಲ್ದಾರನು ಇಷ್ಟು ಹಣವನ್ನು ಒಪ್ಪಿಸುವೆನೆಂದು ಮೊದಲೇ ಮಾತುಕೊಡುತ್ತಿದ್ದನು. ಕಡಮೆಯಾದರೆ ಹೊರೆಯು ಅವನದು. ಆದುದರಿಂದ ಅವನು ರೈತನನ್ನು ಹಿಂಡದೆ ಬಿಡುತ್ತಿರಲಿಲ್ಲ. ೧೮೩೦ರಲ್ಲಿ ನಗರದ ಕಡೆಯ ರೈತರು ಕೂಟಗಳನ್ನು ಕಟ್ಟಿ ದಂಗೆಯೆದ್ದರು. ದಂಗೆಯು ಅಡಗಿತು, ಆದರೆ ೧೮೩೧ರಲ್ಲಿ ಕಂಪೆನಿಯವರು ಅರಸರ ಕೈಯಿಂದ ಆಡಳಿತವನ್ನೇ ತೆಗೆದುಕೊಂಡರು. ರೈತರು ಬೇಡಿದುದು ತೆರಿಗೆಯ ಬಿಡುಗಡೆ. ಬಂದುದು ಪರರ ಆಳ್ವಿಕೆ.

ಆ ಆಳ್ವಿಕೆಯಲ್ಲಿ ಒಳಿತೇನೂ ಆಗಲಿಲ್ಲವೆಂದಲ್ಲ. ೧೮೩೪ರಿಂದ ೧೮೬೧ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ನೂರಾರು ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು, ರಸ್ತೆಗಳನ್ನು ಮಾಡಿಸಿದರು. ಆದರೆ ರೈತನ ಅಭಿಪ್ರಾಯವನ್ನು ಕೇಳುವವರಾರೂ ಇರಲಿಲ್ಲ. ರಾಜ್ಯವು ಒಡೆಯರ ವಂಶಕ್ಕೆ ಮರಳಿದುದು ೧೮೮೧ರಲ್ಲಿ. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಅದಕ್ಕೂ ಕಷ್ಟವನ್ನು ಅರಿಕೆಮಾಡಿಕೊಳ್ಳುವ ಹಕ್ಕಿದ್ದಿತೇ ಹೊರತು ಆಳುವ ಅಧಿಕಾರವಿರಲಿಲ್ಲ. ಜವಾಬ್ದಾರಿ ಸರ್ಕಾರವು ೧೯೪೭ರ 'ಮೈಸೂರು ಚಲೋ' ಚಳವಳಿಯ ಬಳಿಕವೇ ಬಂದಿತು.

ಹೊಳೆನರಸೀಪುರದಲ್ಲಿ ಹೇಮಾವತಿಯೂ ಲಕ್ಷ್ಮೀನರಸಿಂಹನ ದೇವಾಲಯವೂ ಕಣ್ಣಿಗೆ ಹಬ್ಬ. ಈ ತಾಲ್ಲೂಕಿನ ಹರದನಹಳ್ಳಿಯ ರೈತಕುಟುಂಬದಲ್ಲಿ ಹುಟ್ಟಿದ ಎಚ್. ಡಿ. ದೇವೇಗೌಡರು ೧೯೯೬ರಲ್ಲಿ ಭಾರತದ ಪ್ರಧಾನಮಂತ್ರಿಗಳಾದರು. ನಗರದ ರೈತರು ಕೂಟ ಸೇರಿದ ಕಾಲಕ್ಕೂ ಇದಕ್ಕೂ ನಡುವೆ ೧೬೬ ವರ್ಷಗಳು.

ಈಗ ಅರಬ್ಬೀ ದೇಶಗಳ ಕಡೆ ನೋಡೋಣ. ೨೦೧೦ರ ಡಿಸೆಂಬರಿನಲ್ಲಿ ಟ್ಯುನಿಸಿಯಾದ ಬೀದಿಯ ಹಣ್ಣುವ್ಯಾಪಾರಿಯೊಬ್ಬನು, ಅಧಿಕಾರಿಗಳ ಕಾಟವನ್ನು ತಾಳಲಾರದೆ, ತನಗೆ ತಾನೇ ಬೆಂಕಿಯಿಟ್ಟುಕೊಂಡನು. ೨೦೧೧ರಲ್ಲಿ ಅಲ್ಲಿ ಬೆನ್ ಅಲಿಯೂ ಈಜಿಪ್ಟಿನಲ್ಲಿ ಮುಬಾರಕನೂ ಗದ್ದುಗೆಯನ್ನು ಬಿಟ್ಟರು. ಈಜಿಪ್ಟಿನಲ್ಲಿ ೨೦೧೩ರಲ್ಲಿ ಸೈನ್ಯವು ಮತ್ತೆ ಮುಂದೆ ಬಂದಿತು. ಟ್ಯುನಿಸಿಯಾವು ೨೦೧೪ರಲ್ಲಿ ಹೊಸ ಸಂವಿಧಾನವನ್ನು ಪಡೆಯಿತು. ೨೦೨೧ರಲ್ಲಿ ಅಧ್ಯಕ್ಷರೇ ಅಲ್ಲಿಯ ಸಭೆಯನ್ನು ತಡೆಹಿಡಿದರು. ಸಿರಿಯಾದ ಅಸ್ಸಾದನು ೨೦೨೪ರ ಡಿಸೆಂಬರಿನಲ್ಲಿ ಓಡಿಹೋದನು. ಅಷ್ಟರೊಳಗೆ ಲಕ್ಷಾಂತರ ಪ್ರಾಣಗಳು ಹೋಗಿದ್ದವು. ರೊಟ್ಟಿಯ ಬೆಲೆಯೂ ಓದಿದ ಹುಡುಗರ ನಿರುದ್ಯೋಗವೂ ದೊರೆಯೊಡನೆ ಓಡಿಹೋಗಲಿಲ್ಲ. ಈಜಿಪ್ಟು ತಾನುಣ್ಣುವ ಗೋಧಿಯ ಬಹುಭಾಗವನ್ನು ಇಂದಿಗೂ ಹೊರಗಿನಿಂದಲೇ ತರಿಸಬೇಕಾಗಿದೆ.

ಮನೆಯ ಯಜಮಾನನು ಬದಲಾದ ಮಾತ್ರಕ್ಕೆ ಕಣಜವು ತುಂಬುವುದಿಲ್ಲವಷ್ಟೆ. ಅದಕ್ಕೆ ನೀರು, ದಾರಿ, ನ್ಯಾಯವಾದ ಲೆಕ್ಕ, ಬೆಳೆಗೆ ತಕ್ಕ ಬೆಲೆ ಇವೆಲ್ಲವೂ ಬೇಕು. ಅರಕಲಗೂಡಿನಿಂದ ಹಾಸನಕ್ಕೆ ಬರುವಾಗ ಗೊರೂರಿನಲ್ಲಿ, ೧೯೭೯ರಲ್ಲಿ ಮುಗಿದ ಹೇಮಾವತಿಯ ಅಣೆಕಟ್ಟು ಎದುರಾಗುವುದು. ಅದರ ನಾಲೆಗಳಿಂದ ಎಷ್ಟೋ ಹೊಲಗಳು ಹಸುರಾದವು. ಅದರ ನೀರಿನಡಿ ಎಷ್ಟೋ ಹಳ್ಳಿಗಳು ಮುಳುಗಿದವು. ಅರಕಲಗೂಡಿನ ಹೊಗೆಸೊಪ್ಪಿನ ಬೆಳೆಗಾರನು ರಾಮನಾಥಪುರದ ಹರಾಜುಕಟ್ಟೆಯ ಬೆಲೆಯನ್ನು ಕಾಯುತ್ತಾನೆ. ಹಾಸನದ ಆಲೂಗೆಡ್ಡೆಯವನು ದೂರದ ಪಂಜಾಬಿನ ಬಿತ್ತನೆಗೆಡ್ಡೆಯನ್ನು ಕಾಯುತ್ತಾನೆ.

ಆದರೂ ಒಂದು ವ್ಯತ್ಯಾಸವುಂಟು. ಬೆಲೆ ಸಾಲದಿದ್ದರೆ ಇವರು ಸಂತೆಯಲ್ಲಿ ನಿಂತು ಗಟ್ಟಿಯಾಗಿ ಹೇಳಬಲ್ಲರು. ಐದು ವರ್ಷಕ್ಕೊಮ್ಮೆ ಆಳುವವರನ್ನು ಬದಲಾಯಿಸಬಲ್ಲರು. ಶರತ್ತಿನ ಕಾಲದ ರೈತನಿಗೆ ಈ ಭಾಗ್ಯವಿರಲಿಲ್ಲ. ಕೈರೋವಿನ, ಡಮಾಸ್ಕಸ್ಸಿನ ಗೃಹಸ್ಥರು ಬಯಸಿದುದೂ ಇಷ್ಟನ್ನೇ. ನಮಗೆ ಇದು ಒದಗುವುದಕ್ಕೆ ನೂರು ವರ್ಷಗಳಿಗೂ ಮಿಕ್ಕಿ ಹಿಡಿಯಿತೆಂಬುದನ್ನು ನೆನೆದರೆ, ಅವರ ವಿಷಯದಲ್ಲಿ ಬೇಗನೆ ನಿರಾಶರಾಗುವುದು ನಮಗೆ ತಕ್ಕುದಲ್ಲ.