ಇರುಳಿನ ಬೆಳಕು ಯಾವುದು?

2021ರ ಡಿಸೆಂಬರ್‌ನಲ್ಲಿ ಕರಾವಳಿ ಕರ್ನಾಟಕದ ಹಲವೆಡೆ ದೀಪಗಳ ಸಾಲೊಂದು ಸದ್ದಿಲ್ಲದೆ ಆಕಾಶ ದಾಟಿತು. ಅವು ಡಿಸೆಂಬರ್ 18ರಂದು ಕ್ಯಾಲಿಫೋರ್ನಿಯಾದಿಂದ ಹಾರಿಬಿಟ್ಟಿದ್ದ ಸ್ಟಾರ್‌ಲಿಂಕ್ ಉಪಗ್ರಹಗಳು. ನೆಲದಲ್ಲಿ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಹೊಳೆಯುವುದು ಆ ಬಿಸಿಲೇ.

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನ ಬಯಲು ಹೊಲದಲ್ಲಿ ಇಂಥ ಬೆಳಕು ಕಂಡರೆ, ಅದನ್ನು ಬೇವಿನ ಮರದ ತುದಿಗೋ ಮಾಳಿಗೆಯ ಮೂಲೆಗೋ ಹೊಂದಿಸಿ ನೋಡಬೇಕು. ಮುಸ್ಸಂಜೆಯ ಪಡುವಣದಲ್ಲಿ ಹತ್ತು ನಿಮಿಷವಾದರೂ ಹೆಚ್ಚು ಕದಲದ ಪ್ರಖರ ಬೆಳಕು ಬಹುಪಾಲು ಬೆಳ್ಳಿಚುಕ್ಕಿ, ಅಂದರೆ ಶುಕ್ರ. ಕೆಂಪು, ಹಸಿರು ದೀಪಗಳೊಡನೆ ಮಿಣುಕುವ ಬೆಳಕೂ ಇದ್ದರೆ ವಿಮಾನ. ಮಿಣುಕದೆ ಒಂದೇ ವೇಗದಲ್ಲಿ ಸಾಗಿ, ನಡು ಆಕಾಶದಲ್ಲೇ ಮಾಸಿದರೆ ಉಪಗ್ರಹ. ಅದು ಭೂಮಿಯ ನೆರಳು ಹೊಕ್ಕಿರುತ್ತದೆ.

ವೇಳೆ, ದಿಕ್ಕು ಬರೆದಿಟ್ಟರೆ ಉಪಗ್ರಹಗಳ ವೇಳಾಪಟ್ಟಿಯೊಡನೆ ತಾಳೆ ನೋಡಬಹುದು. ಅವೆರಡೂ ಇಲ್ಲದ ವಿಡಿಯೊ ತನಿಖೆಗೆ ಹೆಚ್ಚೇನೂ ನೆರವಾಗದು.